ನಾವಿಬ್ಬರು ಮತ್ತು ಉಳಿದ ಬೆಂಗಳೂರು

ಮದುವೆಯಾಗಿ ಮೂವತ್ತು ವರ್ಷದ ಆಸುಪಾಸಿನಲ್ಲಿರುವ ಗಂಡ ಹೆಂಡತಿ, ಮಕ್ಕಳನ್ನು ಕರೆದುಕೊಳ್ಳದೆ, ಅತ್ತೆಯನ್ನು ಕರೆದುಕೊಳ್ಳದೆ, ಕೈಯಲ್ಲಿ ತೆಂಗಿನಕಾಯಿಯ ಚೀಲವೂ ಇಲ್ಲದೆ ಇಬ್ಬರೇ ಊರು ಬಿಟ್ಟು ಹೊರಟರೆ ನೆಂಟರಿಷ್ಟರಿಗೆ ಬರುವ ಮೊದಲ ಅನುಮಾನ ಆಸ್ಪತ್ರೆಯದು. "ಯಾರಿಗೆ ಹುಷಾರಿಲ್ಲ?" ಎನ್ನುತ್ತಾರೆ. ಇಬ್ಬರೂ ಗಟ್ಟಿಮುಟ್ಟಾಗಿದ್ದೇವೆ ಎಂದರೆ ಎರಡನೆಯ ಅನುಮಾನ ಸೈಟಿನದು. "ಎಲ್ಲಿ ಜಾಗ ನೋಡ್ತಿದ್ದೀರಿ, ದೇವನಹಳ್ಳಿ ಕಡೆನಾ?" ಅದೂ ಅಲ್ಲವೆಂದ ಮೇಲೆ ಮೂರನೆಯದು ಹರಕೆ. ಈ ಮೂರೂ ಅಲ್ಲ, ಸುಮ್ಮನೆ ನಾವಿಬ್ಬರೇ ಎಲ್ಲಾದರೂ ಹೋಗಿ ಇದ್ದು ಬರೋಣ ಅಂತ ಹೇಳುವ ಧೈರ್ಯ ನನಗಂತೂ ಇಲ್ಲ. ಹೇಳಿದರೆ ಆ ಕಡೆಯವರು ಒಂದು ಗಳಿಗೆ ಸುಮ್ಮನಿದ್ದು, ಆಮೇಲೆ ದನಿ ತಗ್ಗಿಸಿ, "ಏನಾದ್ರೂ ಜಗಳವೇನೇ?" ಎಂದು ಕೇಳುತ್ತಾರೆ.

ಈ ಪೀಕಲಾಟಕ್ಕೆಲ್ಲ ಕಾರಣ ನಮ್ಮ ಮಗಳು. ಪುಣೆಯಲ್ಲಿ ಕೆಲಸದಲ್ಲಿರುವ ಅವಳಿಗೆ, ಅಪ್ಪ ಅಮ್ಮನ ದಾಂಪತ್ಯ ಗ್ಯಾಸ್ ಬುಕಿಂಗು, ಬಿ.ಪಿ. ಮಾತ್ರೆ, ನೀರಿನ ಬಿಲ್ಲುಗಳ ಸುತ್ತಲೇ ತಿರುಗುತ್ತಿದೆಯಲ್ಲ ಎಂಬ ಕಳವಳ. "ಅಮ್ಮಾ, ಈ ಸಲ ಆನಿವರ್ಸರಿಗೆ ನೀನು, ಅಪ್ಪ ಎಲ್ಲಾದ್ರೂ ರೊಮ್ಯಾಂಟಿಕ್ ಆಗಿ ಒಂದು ವೀಕೆಂಡ್ ಹೋಗಿ ಬನ್ನಿ. ದುಡ್ಡು ನಾನು ಹಾಕ್ತೀನಿ" ಎಂದಳು. ನನ್ನ ಕೈಯೆಲ್ಲ ಚಪಾತಿ ಹಿಟ್ಟು, ಹಾಗಾಗಿ ಫೋನು ಸ್ಪೀಕರಿನಲ್ಲಿತ್ತು. ಹಾಲಿನಲ್ಲಿ ಕೂತು ಹೂಬತ್ತಿ ಮಾಡುತ್ತಿದ್ದ ಅತ್ತೆಯವರಿಗೆ ಕುಕ್ಕರಿನ ಸೀಟಿ ಕೇಳಿಸುವುದಿಲ್ಲ, ಕಾಲಿಂಗ್ ಬೆಲ್ಲು ಕೇಳಿಸುವುದಿಲ್ಲ, ಇದು ಮಾತ್ರ ಅಕ್ಷರ ಬಿಡದೆ ಕೇಳಿಸಿತು. "ಎಲ್ಲಿಗೆ ಹೋಗ್ಬೇಕಂತೆ?" ಎಂದರು. ನಾನು ಬಾಯಿಗೆ ಬಂದ ಹೆಸರು ಹೇಳಿದೆ. "ನಂದಿಗೋ ಎಲ್ಲಿಗೋ ಅಂತಿದಾಳೆ." ಅತ್ತೆಯವರ ಮುಖ ಅರಳಿತು. "ನಂದಿಗಾ? ಘಾಟಿ ಸುಬ್ರಹ್ಮಣ್ಯ ಅಲ್ಲೇ ಪಕ್ಕದಲ್ಲೇ ಅಲ್ವೇನೇ! ನಂದೊಂದು ಬೆಳ್ಳಿ ನಾಗರದ ಹರಕೆ ಹಾಗೇ ಉಳಿದುಬಿಟ್ಟಿದೆ."

ಸಂಜೆಯೊಳಗೆ ಸುದ್ದಿ ಮಲ್ಲೇಶ್ವರದ ನಾದಿನಿಗೆ ಮುಟ್ಟಿತು. ಅಮ್ಮ ಹೋಗುವುದಾದರೆ ಅಮ್ಮನನ್ನು ನೋಡಿಕೊಳ್ಳಲು ತಾನೂ ಬರಬೇಕು, ತಾನು ಬಂದರೆ ಮೊಮ್ಮಗುವನ್ನು ಯಾರ ಬಳಿ ಬಿಡುವುದು, ಮೊಮ್ಮಗು ಬಂದರೆ ಅದರ ತಾಯಿಯೂ ಬರಲೇಬೇಕು. ರಾತ್ರಿ ಊಟದ ಹೊತ್ತಿಗೆ ನಮ್ಮ ಪ್ರಣಯ ಯಾತ್ರೆಗೆ ಟೆಂಪೊ ಟ್ರಾವೆಲರ್ ಹೇಳುವುದೋ, ಎರಡು ಇನ್ನೋವಾ ಸಾಕೋ ಎಂಬ ಚರ್ಚೆ ನಡೆದಿತ್ತು. ಪುಳಿಯೋಗರೆ ಗೊಜ್ಜು ನಾನು ತರುವುದೆಂದೂ, ಮೊಸರನ್ನ ಮಲ್ಲೇಶ್ವರದವರು ತರುವುದೆಂದೂ ಇತ್ಯರ್ಥವಾಯಿತು. ನಮ್ಮನೆಯವರು ಮಾತಾಡದೆ ಉಪ್ಪಿನಕಾಯಿಯ ಹೋಳನ್ನು ಚೀಪುತ್ತ ಕೂತಿದ್ದರು. ಅವರು ಮಾತಾಡದೆ ಕೂತರೆ ಮನಸ್ಸಿನಲ್ಲಿ ಲೆಕ್ಕ ಹಾಕುತ್ತಿದ್ದಾರೆಂದು ಅರ್ಥ.

ಬ್ಯಾಂಕಿನಲ್ಲಿ ಆಡಿಟ್ ಮಾಡಿಯೇ ತಲೆಗೂದಲು ಬೆಳ್ಳಗೆ ಮಾಡಿಕೊಂಡ ಮನುಷ್ಯ. ನಿವೃತ್ತಿಯ ನಂತರ ಆಡಿಟ್ ಮಾಡಲು ಮನೆಯಲ್ಲಿ ನನ್ನ ಸಾಸಿವೆ ಡಬ್ಬಿಯ ಹೊರತು ಬೇರೇನೂ ಸಿಕ್ಕಿರಲಿಲ್ಲ. ಮಗಳ ಮಾತು ಅವರಿಗೊಂದು ಅಸೈನ್‌ಮೆಂಟ್ ಒದಗಿಸಿತು. ಮಾರನೆಯ ದಿನ ಬೆಳಗ್ಗೆ ಕಾಫಿಯ ಜೊತೆ ನನ್ನ ಮುಂದೆ ಒಂದು ಎಕ್ಸೆಲ್ ಹಾಳೆಯ ಪ್ರಿಂಟ್ ಔಟ್ ಇಟ್ಟರು. ಊರು, ಕಿಲೋಮೀಟರು, ಟೋಲು, ತಿಂಡಿ, ಶೌಚಾಲಯ, ಮಂಡಿನೋವು ಹೀಗೆ ಸಾಲು ಸಾಲು ಕಾಲಂಗಳು. ಕೊನೆಯ ಕಾಲಂ 'ಪ್ರಣಯ', ಹತ್ತಕ್ಕೆ ಎಷ್ಟು ಎಂದು. ಸಾವನದುರ್ಗಕ್ಕೆ ಪ್ರಣಯದಲ್ಲಿ ಎಂಟು, ಮಂಡಿಯಲ್ಲಿ ಸೊನ್ನೆ. 1226 ಮೀಟರ್ ಎತ್ತರದ ಏಕಶಿಲೆ, ಹತ್ತುವುದು ಸುಲಭದ ಮಾತಲ್ಲ, ಆದರೆ ಕೆಳಗೆ ನಿಂತು ನೋಡಬಹುದು ಎಂದು ಷರಾ ಬರೆದಿದ್ದರು. ಸಹಿ ಮಾತ್ರ ಹಾಕಿರಲಿಲ್ಲ.

"ಪ್ರಣಯಕ್ಕೆ ಅಂಕ ಕೊಟ್ಟಿದ್ದು ಯಾವ ಆಧಾರದ ಮೇಲೆ?" ಎಂದು ಕೇಳಿದೆ.

"ಫೋಟೊಗಳಲ್ಲಿ ಜೋಡಿಗಳು ಎಷ್ಟಿದಾರೆ ಅಂತ ನೋಡಿದೆ" ಎಂದರು. ಜೋಡಿಗಳು ಜಾಸ್ತಿ ಇದ್ದ ಕಡೆ ಅಂಕ ಜಾಸ್ತಿ. ಈ ತರ್ಕದ ಹುಳುಕು ನಮಗೆ ಗೊತ್ತಾದದ್ದು ಆಮೇಲೆ, ಬೆಟ್ಟದ ಬುಡದಲ್ಲಿ.

ಮೊದಲು ರೆಸಾರ್ಟುಗಳ ಸರದಿ. ಬೆಂಗಳೂರಿನ ಸುತ್ತ ಯಾವ ದಿಕ್ಕಿಗೆ ಕಲ್ಲು ಬೀರಿದರೂ ಅದು ಒಂದು ರೆಸಾರ್ಟಿನ ಈಜುಕೊಳಕ್ಕೆ ಬೀಳುತ್ತದೆ. ಎಲ್ಲ ಕಡೆಯೂ 'ಕಪಲ್ ಪ್ಯಾಕೇಜ್'. ಮಂಚದ ಮೇಲೆ ಗುಲಾಬಿ ಪಕಳೆ, ನಡುವೆ ಟವೆಲ್ಲಿನಲ್ಲಿ ಮಡಿಸಿದ ಎರಡು ಹಂಸ, ರಾತ್ರಿ ಕ್ಯಾಂಡಲ್ ಲೈಟ್ ಡಿನ್ನರ್. ನಮ್ಮವರು ಒಂದು ಕಡೆಗೆ ಫೋನು ಮಾಡಿ, ಮೈ ಒರೆಸಿಕೊಳ್ಳಲು ಆ ಹಂಸವನ್ನೇ ಬಿಚ್ಚಬೇಕೋ, ಬೇರೆ ಟವೆಲ್ ಕೊಡುತ್ತೀರೋ ಎಂದು ವಿಚಾರಿಸಿದರು. ಆ ಹುಡುಗ ಪಾಪ ಮ್ಯಾನೇಜರನ್ನು ಕೇಳಿ ಹೇಳುತ್ತೇನೆಂದ. ಕ್ಯಾಂಡಲ್ ಡಿನ್ನರಿಗೆ ಪ್ರತ್ಯೇಕ ಚಾರ್ಜು ಎಂದು ತಿಳಿದಾಗಲಂತೂ ಇವರೊಳಗಿನ ಆಡಿಟರ್ ಎದ್ದು ನಿಂತ. 1905ರಲ್ಲೇ ಶಿವನಸಮುದ್ರದಿಂದ ಕರೆಂಟು ತರಿಸಿಕೊಂಡು ಬೀದಿ ದೀಪ ಹಾಕಿಸಿಕೊಂಡ ಊರಿನವರು ನಾವು, ದುಡ್ಡು ಕೊಟ್ಟು ದೀಪ ಆರಿಸಿಕೊಂಡು ಊಟ ಮಾಡಬೇಕೇ? ಲೋಡ್ ಶೆಡ್ಡಿಂಗ್ ಕಾಲದಲ್ಲಿ ಮೇಣದ ಬತ್ತಿಯ ಬೆಳಕಿನಲ್ಲಿ ಸಾರಿನಲ್ಲಿ ಕರಿಬೇವು ಯಾವುದು, ಹುಳ ಯಾವುದು ಎಂದು ತಿಳಿಯದೆ ಉಂಡದ್ದು ಸಾಲದೇ? ನನಗೂ ಹೌದೆನ್ನಿಸಿತು. ಮೇಲಾಗಿ, ಶನಿವಾರ ರಾತ್ರಿ ಪಕ್ಕದ ಹುಲ್ಲುಹಾಸಿನಲ್ಲಿ ಯಾವುದೋ ಕಂಪನಿಯ ಟೀಮ್ ಔಟಿಂಗೂ ರೈನ್ ಡ್ಯಾನ್ಸೂ ಇರುತ್ತದೆಂದು ಆ ಹುಡುಗನೇ ಖುಷಿಯಿಂದ ಹೇಳಿದ್ದ, ಅದೂ ಪ್ಯಾಕೇಜಿನ ಭಾಗ ಎನ್ನುವಂತೆ.

ಇನ್ನು ಮೈಸೂರು ರಸ್ತೆ. ನಮ್ಮವರಿಗೆ ಆ ರಸ್ತೆಯ ಮೇಲೆ ಮಮಕಾರ ಇರುವುದು ಮದ್ದೂರು ವಡೆಯ ಕಾರಣಕ್ಕೆ. ಆದರೆ 2023ರಲ್ಲಿ ಹೊಸ ಎಕ್ಸ್‌ಪ್ರೆಸ್ ವೇ ಶುರುವಾದ ಮೇಲೆ ಬಿಡದಿ, ರಾಮನಗರ, ಚನ್ನಪಟ್ಟಣ, ಮದ್ದೂರು ಎಲ್ಲವೂ ಪಕ್ಕಕ್ಕೆ ಸರಿದುಬಿಟ್ಟವು. ತಟ್ಟೆ ಇಡ್ಲಿ, ಬೊಂಬೆ, ವಡೆ ಯಾವುದಕ್ಕೂ ನಿಲ್ಲದೆ ಗಾಡಿ ಮೈಸೂರಿಗೆ ಹೋಗಿ ಬೀಳುತ್ತದೆ. ಅಲ್ಲಿಗೆ ಹೋಗಿ ಮಾಡುವುದೇನು, ಇವರ ಅಕ್ಕನ ಮನೆಯಲ್ಲಿ ಊಟಕ್ಕೆ ಕೂರುವುದು. ರಾಮನಗರದ ಬಂಡೆಗಳನ್ನು ತೋರಿಸುತ್ತೇನೆ ಎಂದರು. 1975ರಲ್ಲಿ ಬಂದ 'ಶೋಲೆ'ಯ ಚಿತ್ರೀಕರಣ ಅಲ್ಲೇ ಆದದ್ದಂತೆ. ಗಬ್ಬರ್ ಸಿಂಗ್ ಓಡಾಡಿದ ಜಾಗಕ್ಕೆ ಪ್ರಣಯದಲ್ಲಿ ಆರು ಅಂಕ ಹೇಗೆ ಬಂತೆಂದು ನನಗೆ ಅರ್ಥವಾಗಲಿಲ್ಲ. ಕೇತೋಹಳ್ಳಿಯ ದೊಡ್ಡ ಆಲದ ಮರವೂ ಪಟ್ಟಿಯಲ್ಲಿತ್ತು. ಮೂರು ಎಕರೆ ಹರಡಿಕೊಂಡ ನಾನೂರು ವರ್ಷದ ಮರ. "ಮೂಲ ಕಾಂಡ ರೋಗ ಬಂದು ಹೋಗಿದೆ, ಬಿಳಲುಗಳೇ ಬೇರಿಳಿಸಿ ಮರವನ್ನ ಹಿಡಿದುಕೊಂಡಿವೆ, ನೋಡೇ, ಇದೇ ಸಂಸಾರ" ಎಂದು ನಮ್ಮವರು ಭಾವುಕರಾದರು. ಮೂಲ ಕಾಂಡ ನಮ್ಮಿಬ್ಬರಲ್ಲಿ ಯಾರು ಎಂದು ನಾನು ಕೇಳಿದ ಮೇಲೆ ಆ ಸಾಲನ್ನು ಪೆನ್ನಿನಿಂದ ಹೊಡೆದುಹಾಕಿದರು. ಶಿವಗಂಗೆಯ ಸುದ್ದಿಯನ್ನು ಮನೆಯಲ್ಲಿ ಎತ್ತುವಂತೆಯೇ ಇರಲಿಲ್ಲ. ಅಲ್ಲಿ ಲಿಂಗಕ್ಕೆ ಸವರಿದ ತುಪ್ಪ ಬೆಣ್ಣೆಯಾಗುತ್ತದೆಂಬ ನಂಬಿಕೆಯಿದೆ. ಅತ್ತೆಯವರ ಕಿವಿಗೆ ಬಿದ್ದಿದ್ದರೆ ತುಪ್ಪದ ಡಬ್ಬಿ ಹಿಡಿದು ನಮಗಿಂತ ಮೊದಲೇ ಗೇಟಿನಲ್ಲಿ ನಿಂತಿರುತ್ತಿದ್ದರು.

ಮಾತು ಎಲ್ಲೆಲ್ಲಿಗೋ ಹೋಗುತ್ತಿದೆ, ಹೋಗಲಿ. ಈ ವೀಕೆಂಡು ಗೀಕೆಂಡು ಇಲ್ಲದ ಕಾಲದಲ್ಲಿ ಬೆಂಗಳೂರಿನ ಮಧ್ಯಮ ವರ್ಗದವರಿಗೆ ಇದ್ದದ್ದು ಎರಡೇ ಏಕಾಂತ, ಕಬ್ಬನ್ ಪಾರ್ಕು ಮತ್ತು ಲಾಲ್‌ಬಾಗು. ನಮ್ಮ ನಿಶ್ಚಿತಾರ್ಥವಾದ ಮೇಲೆ ಇವರು ನನ್ನನ್ನು ಕರೆದುಕೊಂಡು ಹೋದದ್ದು ಲಾಲ್‌ಬಾಗಿಗೆ. ಕರೆದುಕೊಂಡು ಹೋದರು ಎನ್ನುವುದೂ ಅಷ್ಟು ಸರಿಯಲ್ಲ. ನಮ್ಮಪ್ಪ ನನ್ನ ಜೊತೆ ತಮ್ಮನನ್ನು ಕಳಿಸಿದ್ದರು, ತಮ್ಮನ ಜೊತೆ ನಾನು ಹೋಗಿದ್ದೆ. ಆಗ ಅವನಿಗೆ ಹತ್ತು ವರ್ಷವಿರಬೇಕು. ಇವರು ಅವನ ಕೈಗೆ ಚಿಲ್ಲರೆ ಕೊಟ್ಟು ದ್ರಾಕ್ಷಿ ಜ್ಯೂಸ್ ಕುಡಿದು ಬಾ ಎಂದು ಅಟ್ಟುತ್ತಿದ್ದರು. ಅವನು ಕುಡಿದು ಬಂದು ಮೀಸೆ ಒರೆಸಿಕೊಳ್ಳುತ್ತ ಮತ್ತೆ ಪಕ್ಕದಲ್ಲೇ ನಿಲ್ಲುತ್ತಿದ್ದ. ಸಿನಿಮಾಗಳಲ್ಲಿ ನಾಯಕ ನಾಯಕಿ ಇದೇ ಲಾಲ್‌ಬಾಗಿನ ಗಾಜಿನ ಮನೆಯ ಮುಂದೆ ಸೆರಗು ಹಾರಿಸಿಕೊಂಡು ಓಡುವಾಗ ಒಬ್ಬ ಗಾರ್ಡೂ ಸೀಟಿ ಊದುವುದಿಲ್ಲ, ನಾವು ಬೆಂಚಿನ ಎರಡು ತುದಿಯಲ್ಲಿ ಕೂತಿದ್ದರೂ ಒಬ್ಬ ಎರಡು ಸಲ ಬಂದು ನೋಡಿಕೊಂಡು ಹೋದ. ಕೊನೆಗೆ ಕೆಂಪೇಗೌಡರ ಗೋಪುರವಿರುವ ಬಂಡೆ ಹತ್ತಿದೆವು. ಗಾಳಿ ಚೆನ್ನಾಗಿತ್ತು. ತಮ್ಮ ಸ್ವಲ್ಪ ಹಿಂದೆ ಉಳಿದಿದ್ದ. ಇವರು ಗಂಟಲು ಸರಿ ಮಾಡಿಕೊಂಡು ನನ್ನ ಕಡೆ ತಿರುಗಿ ಹೇಳಿದ ಮೊದಲ ಸ್ವಂತ ಮಾತು: "ಈ ಬಂಡೆ 300 ಕೋಟಿ ವರ್ಷ ಹಳೇದಂತೆ." ನಾನು "ಹೌದಾ" ಎಂದೆ. ಅಲ್ಲಿಂದ ಇಲ್ಲಿಯವರೆಗೂ ಹೆಚ್ಚು ಕಡಿಮೆ ಹೀಗೇ ನಡೆದುಕೊಂಡು ಬಂದಿದೆ.

ಹೈದರಾಲಿ 1760ರಲ್ಲಿ ಶುರುಮಾಡಿದ ತೋಟ ಅದು. ಅಲ್ಲಿನ ಬಿದಿರಿನ ಮೇಲೂ ಕತ್ತಾಳೆ ಎಲೆಗಳ ಮೇಲೂ ಜೋಡಿ ಹೆಸರು ಕೆತ್ತಿದವರನ್ನು ಕಂಡರೆ ನನಗೆ ಈಗಲೂ ಸಿಟ್ಟು. ಗಿಡ ಏನು ಮಾಡಿತ್ತು ಇವರಿಗೆ? ಎರಡು ಹೆಸರಿನ ನಡುವೆ ಬಾಣ ಬಿಟ್ಟ ಆ ಹೃದಯ ಕತ್ತಾಳೆ ಬೆಳೆದ ಹಾಗೆಲ್ಲ ಅಗಲವಾಗುತ್ತದೆ, ಅವರಿಬ್ಬರೂ ಅಷ್ಟರಲ್ಲಿ ಬೇರೆ ಬೇರೆ ಕಡೆ ಮದುವೆಯಾಗಿ ಮಕ್ಕಳನ್ನು ಟ್ಯೂಷನ್ನಿಗೆ ಬಿಡುತ್ತಿರುತ್ತಾರೆ.

ಇರಲಿ. ಪಟ್ಟಿಯಲ್ಲಿ ಕೊನೆಗೆ ಉಳಿದದ್ದು ನಂದಿಯೇ. ಅರವತ್ತು ಕಿಲೋಮೀಟರು, ಮಂಡಿಗೆ ತೊಂದರೆಯಿಲ್ಲ, ಕಾರು ಮೇಲಿನವರೆಗೂ ಹೋಗುತ್ತದೆ, ಪ್ರಣಯದಲ್ಲಿ ಒಂಬತ್ತೂವರೆ. ಅರ್ಧ ಅಂಕ ಯಾಕೆ ಕಳೆದಿರಿ ಎಂದರೆ ಕೋತಿಗಳಿಗೆ ಎಂದರು. ಎರಡು ರಾತ್ರಿ ಎಂದು ಶುರುವಾದ ಯೋಜನೆ, ಅತ್ತೆಯವರ ಮಾತ್ರೆ, ಹಾಲಿನವನು, ಕೆಲಸದಾಕೆಯ ರಜೆ, ನೀರಿನ ಟ್ಯಾಂಕರು ಇವೆಲ್ಲವನ್ನೂ ದಾಟುತ್ತ ದಾಟುತ್ತ ಒಂದು ರಾತ್ರಿಯಾಗಿ, ಕಡೆಗೆ ಭಾನುವಾರ ನಸುಕಿನಲ್ಲಿ ಹೊರಟು ಸಂಜೆ ದೀಪ ಹಚ್ಚುವುದರೊಳಗೆ ವಾಪಸ್ ಎನ್ನುವಲ್ಲಿಗೆ ಬಂದು ನಿಂತಿತು. ಟೆಂಪೊ ಟ್ರಾವೆಲರಿನ ಗಂಡಾಂತರದಿಂದ ನಮ್ಮನ್ನು ಕಾಪಾಡಿದ್ದು ಅತ್ತೆಯವರ ಭಜನಾ ಮಂಡಳಿಯ ವಾರ್ಷಿಕೋತ್ಸವ. ಅದೂ ಅದೇ ಭಾನುವಾರ ಬಿತ್ತು. ಅತ್ತೆ ಇಲ್ಲವೆಂದ ಮೇಲೆ ಮಲ್ಲೇಶ್ವರವೂ ತಣ್ಣಗಾಯಿತು. ಬೆಳ್ಳಿ ನಾಗರ ಮಾತ್ರ ಒಂದು ಪ್ಲಾಸ್ಟಿಕ್ ಡಬ್ಬಿಯಲ್ಲಿ ನಮ್ಮ ಕಾರಿನ ಡ್ಯಾಶ್‌ಬೋರ್ಡ್ ಸೇರಿತು, "ಹಾಗೇ ಒಂದು ಹೆಜ್ಜೆ ಘಾಟಿಗೂ" ಎಂಬ ಅಪ್ಪಣೆಯೊಂದಿಗೆ.

ಹನುಮಂತನಗರದಿಂದ ಮೂರೂವರೆಗೇ ಹೊರಟೆವು. ಫ್ಲಾಸ್ಕಿನಲ್ಲಿ ಕಾಫಿ, ಡಬ್ಬಿಯಲ್ಲಿ ಕೋಡುಬಳೆ. ನಾನು ತಿಳಿ ಹಸಿರು ಮೈಸೂರು ಸಿಲ್ಕ್ ಸೀರೆ ಉಟ್ಟಿದ್ದೆ, ಅದರ ಮೇಲೆ ಇವರ ಹಳೆಯ ಸ್ವೆಟರು. ಬೀದಿಯಲ್ಲಿ ನಾಯಿಗಳ ವಿನಾ ಯಾರೂ ಇಲ್ಲ. "ನೋಡಿದೆಯಾ, ಇಷ್ಟು ಹೊತ್ತಿಗೆ ಹೊರಟರೆ ನಾವಿಬ್ಬರೇ" ಎಂದು ಹಿಗ್ಗಿದರು. ಮೇಖ್ರಿ ಸರ್ಕಲ್ ದಾಟುವವರೆಗೂ ಅದು ನಿಜವೇ ಆಗಿತ್ತು. ಹೆಬ್ಬಾಳದಲ್ಲಿ ಎಡಗಡೆಯಿಂದ ಒಂದು ಬೈಕು ಬಂತು, ಹಿಂದೆ ಇನ್ನೊಂದು, ಅದರ ಹಿಂದೆ ಒಂದು ಹಿಂಡು. ಎಲ್ಲದರ ಹಿಂದಿನ ಸೀಟಿನಲ್ಲೂ ಜರ್ಕಿನ್ನಿನಲ್ಲಿ ಮುದುಡಿಕೊಂಡ ಒಂದು ಹುಡುಗಿ. ಯಲಹಂಕದ ಹೊತ್ತಿಗೆ ಕಾರುಗಳು ಸೇರಿಕೊಂಡವು. ದೇವನಹಳ್ಳಿ ದಾಟಿ ನಂದಿಯ ಕಡೆ ತಿರುಗಿದರೆ, ಕತ್ತಲಲ್ಲಿ ಬೆಟ್ಟದ ಮೈಗೆ ಮದುವೆ ಮನೆಯ ಸೀರಿಯಲ್ ಸೆಟ್ಟು ಸುತ್ತಿದ ಹಾಗೆ ಕೆಂಪು ದೀಪಗಳ ಸಾಲು. ಇಡೀ ಬೆಂಗಳೂರು ಏಕಾಂತ ಹುಡುಕಿಕೊಂಡು ಬಂದು ನಮ್ಮ ಮುಂದೆ ನಿಂತಿತ್ತು.

ಸಾಲು ಮುಂದಕ್ಕೆ ಹೋಗಲಿಲ್ಲ. ಚೆಕ್ ಪೋಸ್ಟಿನ ಗೇಟು ಇನ್ನೂ ತೆಗೆದಿಲ್ಲವೆಂದು ಒಬ್ಬರು, ತೆಗೆದಿದ್ದಾರೆ ಆದರೆ ಮೇಲೆ ಪಾರ್ಕಿಂಗ್ ತುಂಬಿದೆಯೆಂದು ಇನ್ನೊಬ್ಬರು. ಇಂಜಿನ್ ಆಫ್ ಮಾಡಿ ಕಾಫಿ ಕುಡಿದೆವು. ಪಕ್ಕದ ಕಾರಿನಲ್ಲಿ ನಾಲ್ಕು ಹುಡುಗರು ಬಾಯಿ ತೆರೆದುಕೊಂಡು ನಿದ್ದೆ ಹೋಗಿದ್ದರು. ಚುರುಮುರಿ ಮಾರುವವನೊಬ್ಬ ಕಿಟಕಿ ಕಿಟಕಿಗೂ ಇಣುಕಿ ಹೋದ. ಆಕಾಶ ಬೂದಿ ಬಣ್ಣಕ್ಕೆ ತಿರುಗಿತು, ಆಮೇಲೆ ಅಂಚಿನಲ್ಲಿ ಕೆಂಪಾಯಿತು. ನಾವು ಮುಖ ಮಾಡಿದ್ದು ಬೆಟ್ಟಕ್ಕೆ, ಪೂರ್ವ ನಮ್ಮ ಬೆನ್ನಿಗೆ. "ಅಲ್ನೋಡೇ" ಎಂದು ಇವರು ಕನ್ನಡಿಯ ಕಡೆ ಬೆರಳು ತೋರಿಸಿದರು. ಬಲಗಡೆಯ ಸೈಡ್ ಮಿರರಿನಲ್ಲಿ, ಹಿಂದಿನ ಸ್ಕಾರ್ಪಿಯೋದ ಬಾನೆಟ್ಟಿಗೂ ಅದರ ಡ್ರೈವರಿನ ಆಕಳಿಕೆಗೂ ನಡುವೆ, ಸೂರ್ಯ ಹುಟ್ಟುತ್ತಿದ್ದ. ಕನ್ನಡಿಯ ಕೆಳಗೆ ಇಂಗ್ಲಿಷಿನಲ್ಲಿ, ಕಾಣುವ ವಸ್ತುಗಳು ಕಾಣುವುದಕ್ಕಿಂತ ಹತ್ತಿರದಲ್ಲಿವೆ ಎಂದು ಬರೆದಿತ್ತು. ಇಬ್ಬರೂ ಒಂದೇ ಕನ್ನಡಿಯಲ್ಲಿ ನೋಡಬೇಕಾದ್ದರಿಂದ ನಾನು ಇವರ ಹೆಗಲ ಮೇಲೆ ವಾಲಲೇಬೇಕಾಯಿತು. ಹಿಂದಿನವನು ಹಾರನ್ ಹೊಡೆದ. ಸಾಲು ಹೊರಟಿತ್ತು.

ಮೇಲೆ ಮಂಜು. 1478 ಮೀಟರ್ ಎತ್ತರ ಹತ್ತಿ ಬಂದವರಿಗೆಲ್ಲ ಕಂಡದ್ದು ಬೆಳ್ಳನೆಯ ಒಂದು ಗೋಡೆ ಮತ್ತು ಅದರ ಮುಂದೆ ಮೊಬೈಲ್ ಹಿಡಿದ ಕೈಗಳು. ಟಿಪ್ಪು ಡ್ರಾಪಿನ ಕಂಬಿಯ ಬಳಿ ಹುಡುಗ ಹುಡುಗಿಯರು ಕೆನ್ನೆಗೆ ಕೆನ್ನೆ ತಾಗಿಸಿ ಸೆಲ್ಫಿ ತೆಗೆಯುತ್ತಿದ್ದರು. ಕೈದಿಗಳನ್ನು ಪ್ರಪಾತಕ್ಕೆ ತಳ್ಳುತ್ತಿದ್ದ ಜಾಗವಂತೆ ಅದು, ಜನ ಹಾಗೆ ಹೇಳುತ್ತಾರೆ. ಪ್ರೇಮಿಗಳಿಗೆ ಅದೇ ಜಾಗ ಯಾಕೆ ಹಿಡಿಸಿತೋ, ಮದುವೆಯಾಗಿ ಕೆಲವು ವರ್ಷ ಕಳೆದ ಮೇಲೆ ಅವರೇ ಹೇಳಬೇಕು. ಗಾಂಧೀಜಿ 1927ರಲ್ಲಿ ಕಾಯಿಲೆ ಬಿದ್ದಾಗ ಸುಧಾರಿಸಿಕೊಳ್ಳಲು ಇಲ್ಲಿಗೆ ಬಂದಿದ್ದರು, 1936ರಲ್ಲಿ ಮತ್ತೊಮ್ಮೆ ಬಂದರು. ಆಗ ಈ ಬೆಟ್ಟದಲ್ಲಿ ಎಷ್ಟು ಸದ್ದಿಲ್ಲದಿದ್ದಿರಬೇಕು! ಈಗಿನ ಭಾನುವಾರ ಬಂದಿದ್ದರೆ ಬಿ.ಪಿ. ಇನ್ನಷ್ಟು ಏರಿಸಿಕೊಂಡು ಇಳಿಯುತ್ತಿದ್ದರು. ನಮ್ಮವರು ಅರ್ಕಾವತಿಯ ಉಗಮ ತೋರಿಸುತ್ತೇನೆಂದು ಎಳೆದುಕೊಂಡು ಹೋದರು. ಈ ಬೆಟ್ಟಸಾಲಿನಲ್ಲಿ ಅರ್ಕಾವತಿ ಹುಟ್ಟುತ್ತದೆ, ಉತ್ತರ ಪಿನಾಕಿನಿ ಹುಟ್ಟುತ್ತದೆ, ದಕ್ಷಿಣ ಪಿನಾಕಿನಿಯೂ ಹುಟ್ಟುತ್ತದೆ. ಒಂದೇ ಮಡಿಲಿನಿಂದ ಇಳಿದು ಒಂದು ಆಂಧ್ರಕ್ಕೆ, ಒಂದು ತಮಿಳುನಾಡಿಗೆ. ಅರ್ಕಾವತಿ ಮಾತ್ರ ಇಲ್ಲೇ ಸುತ್ತಾಡಿಕೊಂಡು ಕನಕಪುರದಾಚೆ ಸಂಗಮದಲ್ಲಿ ಕಾವೇರಿಯನ್ನು ಸೇರುತ್ತದೆ. "ನಮ್ಮವಳೂ ಪುಣೆಗೆ ಹೋಗದೆ ಕನಕಪುರದಲ್ಲೇ ಇದ್ದಿದ್ದರೆ" ಎಂದರು ಇವರು, ಇದ್ದಕ್ಕಿದ್ದ ಹಾಗೆ.

ಆ ಗಂಭೀರ ಗಳಿಗೆಯಲ್ಲೇ ಕೋತಿ ಬಂತು. ಅದು ಕಸಿದುಕೊಳ್ಳಲೂ ಇಲ್ಲ, ಹೆದರಿಸಲೂ ಇಲ್ಲ. ನನ್ನ ಮುಂದೆ ಬಂದು ಕೂತು, ಡಬ್ಬಿಯ ಮುಚ್ಚಳವನ್ನು ಎರಡು ಕೈಯಿಂದ ತಿರುಗಿಸಿ ತೆಗೆದು, ಮುಚ್ಚಳವನ್ನು ಪಕ್ಕದಲ್ಲಿಟ್ಟು, ಒಂದು ಕೋಡುಬಳೆ ತೆಗೆದು ಮೂಸಿ, ಮುರಿದು, ಬಾಯಿಗೆ ಹಾಕಿಕೊಂಡಿತು. ನಿಧಾನವಾಗಿ ಅಗಿಯಿತು. ಆಮೇಲೆ ಇಡೀ ಡಬ್ಬಿ ಎತ್ತಿಕೊಂಡು ಮರ ಹತ್ತಿತು. "ಖಾರ ಸರಿಯಾಗಿದೆ ಅಂತಾಯ್ತು" ಎಂದರು ಇವರು. ನನ್ನ ಕೋಡುಬಳೆಗೆ ಮನೆಯಲ್ಲಿ ಇಂಥ ಪ್ರಶಂಸೆ ಸಿಕ್ಕ ನೆನಪಿಲ್ಲ.

ಅಷ್ಟರಲ್ಲಿ ಒಬ್ಬ ಹುಡುಗ ಓಡಿಬಂದು, "ಅಂಕಲ್, ಎರಡೇ ನಿಮಿಷ, ಇದನ್ನ ಹಿಡ್ಕೊಳ್ತೀರಾ?" ಎಂದು ಇವರ ಕೈಗೆ ಒಂದು ಬೆಳ್ಳಿ ಬಣ್ಣದ ತಟ್ಟೆಯಂಥದ್ದನ್ನು ಕೊಟ್ಟ. ಪ್ರಿ-ವೆಡ್ಡಿಂಗ್ ಶೂಟಿಂಗು. ಬಂಡೆಯ ಮೇಲೆ ನೆಲ ಗುಡಿಸುವ ಕೆಂಪು ಗೌನಿನಲ್ಲಿ ಹುಡುಗಿ ಚಳಿಗೆ ನಡುಗುತ್ತಿದ್ದಳು, ಸೂಟಿನಲ್ಲಿದ್ದ ಹುಡುಗ ಗೌನಿನ ತುದಿಯನ್ನು ತುಳಿಯದಂತೆ ಕಾಲಿಡಲು ಜಾಗ ಹುಡುಕುತ್ತಿದ್ದ. ಮೇಲೆ ಡ್ರೋನು ಗುಂಯ್‌ಗುಡುತ್ತಿತ್ತು. "ಸರ್, ಮ್ಯಾಮ್ ಕಣ್ಣಲ್ಲಿ ಕಣ್ಣಿಟ್ಟು ನೋಡಿ... ಅಷ್ಟೊಂದಲ್ಲ ಸರ್... ಈಗ ಯಾರೂ ಇಲ್ಲ, ನೀವಿಬ್ಬರೇ ಅಂದ್ಕೊಳ್ಳಿ" ಎಂದು ಕ್ಯಾಮೆರಾದವನು ಕೂಗಿದ. ಅವರಿಬ್ಬರ ಸುತ್ತ ಮೇಕಪ್ಪಿನವಳು, ಕೊಡೆ ಹಿಡಿದವನು, ಹುಡುಗಿಯ ಚಿಕ್ಕಮ್ಮ, ರಿಫ್ಲೆಕ್ಟರ್ ಹಿಡಿದ ನಮ್ಮವರು, ಕೋಡುಬಳೆ ತಿನ್ನುತ್ತ ಮರದಿಂದ ನೋಡುತ್ತಿದ್ದ ಕೋತಿ. ಎರಡು ನಿಮಿಷ ಮುಕ್ಕಾಲು ಗಂಟೆಯಾಯಿತು. ಆ ಹುಡುಗಿಗೆ ನನ್ನ ಮೈಮೇಲಿದ್ದ ಸ್ವೆಟರು ಕೊಟ್ಟೆ, ಶಾಟ್ ನಡುನಡುವೆ ಹಾಕಿಕೊಂಡಳು. ಮದುವೆಗೆ ಬರಬೇಕು ಆಂಟಿ ಎಂದಳು. ಕಾರ್ಡು ಇನ್ನೂ ಬಂದಿಲ್ಲ.

ಹಸಿವು ಶುರುವಾದದ್ದರಿಂದ ಕೆಳಗಿಳಿದೆವು. ಮೇಲೆ ತಿಂಡಿಗೂ ಕ್ಯೂ ಇತ್ತು. ನಂದಿ ಗ್ರಾಮದಲ್ಲಿ ಇಡ್ಲಿ ತಿಂದು, ಕೈ ತೊಳೆದುಕೊಂಡು, ಸುಮ್ಮನೆ ಅತ್ತ ಹೆಜ್ಜೆ ಹಾಕಿದೆವು. ಅತ್ತ ಎಂದರೆ ಭೋಗನಂದೀಶ್ವರನ ದೇವಸ್ಥಾನ. ಬೆಟ್ಟಕ್ಕೆ ಹೋಗುವ ಸಾವಿರಾರು ಜನರಲ್ಲಿ ಇಲ್ಲಿ ಇಳಿಯುವವರು ಬೆರಳೆಣಿಕೆ. ಒಂಬತ್ತನೆಯ ಶತಮಾನಕ್ಕೆ ಅದರ ಮೂಲ ಹೋಗುತ್ತದೆ, ಆಮೇಲೆ ಚೋಳರು, ಹೊಯ್ಸಳರು, ವಿಜಯನಗರದವರು ಒಬ್ಬರಾದ ಮೇಲೊಬ್ಬರು ಕಟ್ಟಿಸುತ್ತ ಬಂದರು. ಇಲ್ಲಿನ ಏರ್ಪಾಡು ಕೇಳಿ. ಒಂದು ಗುಡಿ ಅರುಣಾಚಲೇಶ್ವರನದು, ಅದು ಶಿವನ ಬಾಲ್ಯ. ಇನ್ನೊಂದು ಭೋಗನಂದೀಶ್ವರ, ಅದು ಯೌವನ. ಎರಡರ ನಡುವೆ ಉಮಾಮಹೇಶ್ವರ, ಅದು ಮದುವೆ. ಇನ್ನು ಕೊನೆಯದು ಯೋಗನಂದೀಶ್ವರ, ಎಲ್ಲವನ್ನೂ ಬಿಟ್ಟ ವೈರಾಗ್ಯದ ಘಟ್ಟ. ಅದು ಇರುವುದು ಬೆಟ್ಟದ ತುದಿಯಲ್ಲಿ. ವಿರಾಗಿಯ ಗುಡಿಯಾದ್ದರಿಂದ ಅಲ್ಲಿ ಉತ್ಸವದ ಸಡಗರವಿಲ್ಲ ಎನ್ನುತ್ತಾರೆ. ಎಂದರೆ, ಬೆಂಗಳೂರಿನ ಪ್ರೇಮಿಗಳೆಲ್ಲ ಭಾನುವಾರ ನಸುಕಿನಲ್ಲಿ ಎದ್ದು, ಭೋಗವನ್ನೂ ಮದುವೆಯನ್ನೂ ಬುಡದಲ್ಲೇ ದಾಟಿ, ಕ್ಯೂ ನಿಂತು, ಟಿಕೆಟ್ ಕೊಂಡು, ನೇರವಾಗಿ ವೈರಾಗ್ಯಕ್ಕೆ ಹೋಗಿ ಸೆಲ್ಫಿ ತೆಗೆದುಕೊಳ್ಳುತ್ತಿದ್ದಾರೆ. ನಾವೂ ಅದನ್ನೇ ಮಾಡಿ ಇಳಿದು ಬಂದಿದ್ದೆವು.

ಉಮಾಮಹೇಶ್ವರನ ಮುಂದೆ ಒಂದು ಕಲ್ಯಾಣ ಮಂಟಪವಿದೆ. ಕರಿಕಲ್ಲಿನ ನಾಲ್ಕು ಕಂಬ, ಮುಟ್ಟಿದರೆ ತಣ್ಣಗೆ, ನುಣ್ಣಗೆ. ಒಂದೊಂದರಲ್ಲೂ ದೇವರು ದಂಪತಿ ಸಮೇತ: ಶಿವ ಪಾರ್ವತಿ, ಬ್ರಹ್ಮ ಸರಸ್ವತಿ, ವಿಷ್ಣು ಲಕ್ಷ್ಮಿ, ಅಗ್ನಿ ಸ್ವಾಹಾದೇವಿ. ಅಗ್ನಿಯೂ ಹೆಂಡತಿಯನ್ನು ಪಕ್ಕದಲ್ಲಿ ಇಟ್ಟುಕೊಂಡು ಫೋಟೊಗೆ ನಿಂತದ್ದನ್ನು ನಾನು ಬೇರೆಲ್ಲೂ ನೋಡಿಲ್ಲ. ಅರ್ಧ ಆಯುಷ್ಯ ಒಲೆಯ ಮುಂದೆ ಕಳೆದವಳಿಗೆ ಆ ಜೋಡಿಯೇ ಹೆಚ್ಚು ಹತ್ತಿರದವರು ಅನ್ನಿಸಿತು. ಹೊಸದಾಗಿ ಮದುವೆಯಾದವರು ಇಲ್ಲಿಗೆ ಬಂದು ಕೈಮುಗಿಯುವುದುಂಟು. ಅರ್ಚಕರು ನಮ್ಮನ್ನು ಅಡಿಯಿಂದ ಮುಡಿಯವರೆಗೆ ನೋಡಿ, ನನ್ನ ಮೈಸೂರು ಸಿಲ್ಕನ್ನೂ ಗಮನಿಸಿ, "ಮಗಳ ಮದುವೆ ಗೊತ್ತಾಯ್ತೇನಮ್ಮ?" ಎಂದರು. ಇವರು, "ಇಲ್ಲ, ನಮ್ಮದೇ" ಎಂದುಬಿಟ್ಟರು. ಅರ್ಚಕರು ಒಂದು ಕ್ಷಣ ತಬ್ಬಿಬ್ಬಾಗಿ, ಆಮೇಲೆ ನಕ್ಕು, ಇಬ್ಬರ ಹೆಸರು ಗೋತ್ರ ಕೇಳಿ ಅರ್ಚನೆ ಮಾಡಿ, ನನಗೆ ಒಂದು ಮೊಳ ಮಲ್ಲಿಗೆ ಕೊಟ್ಟರು.

ಒಳಗೆ ದೊಡ್ಡದೊಂದು ಕಲ್ಯಾಣಿ. ನಾಲ್ಕೂ ಕಡೆ ಮೆಟ್ಟಿಲು, ಸುತ್ತ ಕಂಬಸಾಲು. ನೆರಳಿನಲ್ಲಿ ಕೂತೆವು. ಬರುವಾಗ ರಸ್ತೆ ಬದಿಯಲ್ಲಿ ಒಬ್ಬಾಕೆಯ ಹತ್ತಿರ ಒಂದು ಚಕ್ಕೋತ ಕೊಂಡಿದ್ದೆವು. ದೇವನಹಳ್ಳಿಯ ಚಕ್ಕೋತ ಹೆಸರುವಾಸಿ, ಭೌಗೋಳಿಕ ಗುರುತು ಕೂಡ ಸಿಕ್ಕಿದೆ ಅದಕ್ಕೆ. 2008ರಲ್ಲಿ ವಿಮಾನ ನಿಲ್ದಾಣ ಬಂದ ಮೇಲೆ ಆ ಕಡೆ ಎಷ್ಟೋ ತೋಟಗಳು ಸೈಟುಗಳಾಗಿ ಹೋದವು. ಚಕ್ಕೋತವನ್ನು ಒಬ್ಬರೇ ಬಿಡಿಸಿ ತಿನ್ನಲು ಹೋಗಬಾರದು. ಇವರು ಕಾರಿನ ಕೀಲಿಯಿಂದ ತೊಟ್ಟಿನ ಬಳಿ ಗೀರಿ, ಹೆಬ್ಬೆರಳು ತೂರಿಸಿ ದಪ್ಪ ಸಿಪ್ಪೆ ಸುಲಿದರು. ಒಳಗೆ ಹತ್ತಿಯಂಥ ಬಿಳಿ ಪದರ. ಅದನ್ನು ನಾನು ಚೂರು ಚೂರೇ ಕಿತ್ತೆ. ತೊಳೆ ಬಿಡಿಸುವುದು ಇವರ ಪಾಲು, ತೊಳೆಯ ಮೇಲಿನ ಕಹಿ ಪೊರೆ ಸುಲಿಯುವುದು ನನ್ನ ಪಾಲು. ಒಳಗಿನ ಗುಲಾಬಿ ಎಸಳು ಮುರಿಯದಂತೆ ಬಂದರೆ ಅದು ಯಾರ ಬಾಯಿಗೆ ಎಂದು ತಕರಾರು. ಅರ್ಧ ಹಣ್ಣು ಮುಗಿಯುವಷ್ಟರಲ್ಲಿ ಇವರ ಅಣ್ಣನ ಆಸ್ತಿ ಭಾಗದ ವಿಷಯ, ಮಗಳು ಯಾರನ್ನೋ ಮೆಚ್ಚಿರಬಹುದೆಂಬ ನನ್ನ ಗುಮಾನಿ, ರಿಟೈರಾದ ಮೇಲೆ ಬೆಳಗ್ಗೆ ಏಳಲು ಕಾರಣ ಸಿಗುವುದಿಲ್ಲವೆಂದು ಇವರು ಈವರೆಗೂ ಹೇಳದಿದ್ದ ಮಾತು, ಎಲ್ಲ ಆಯಿತು. ಒಬ್ಬರೂ ನಮ್ಮ ಕಡೆ ನೋಡಲಿಲ್ಲ. ಗಾರ್ಡೂ ಇದ್ದ, ಕಂಬಕ್ಕೆ ಒರಗಿ ಮೊಬೈಲ್ ನೋಡುತ್ತಿದ್ದ.

ಘಾಟಿಗೂ ಹೋದೆವು, ಬೆಳ್ಳಿ ನಾಗರವನ್ನು ಒಪ್ಪಿಸಿದೆವು. ವಾಪಸು ಬರುವಾಗ ಹೆಬ್ಬಾಳದ ಫ್ಲೈಓವರಿನ ಮೇಲೆ ಎಷ್ಟು ಹೊತ್ತು ನಿಂತಿದ್ದೆವೆಂದು ಬೆಂಗಳೂರಿನವರಿಗೆ ಬಿಡಿಸಿ ಹೇಳಬೇಕಿಲ್ಲ. ಮಗಳ ದುಡ್ಡಿನಲ್ಲಿ ಖರ್ಚಾದದ್ದು ಪೆಟ್ರೋಲು, ಟೋಲು, ಇಡ್ಲಿ, ಒಂದು ಚಕ್ಕೋತ ಮತ್ತು ಅರ್ಚನೆಯ ಚೀಟಿ. ಉಳಿದದ್ದನ್ನು ನಮ್ಮವರು ರಸೀದಿ ಸಮೇತ ವಾಪಸ್ ಹಾಕಿದ್ದಾರೆ. ಎಕ್ಸೆಲ್ ಹಾಳೆಗೆ ಹೊಸದೊಂದು ಕಾಲಂ ಸೇರಿದೆ, 'ಜನ ಎಷ್ಟು ಕಡಿಮೆ' ಎಂದು.

ನೀವೂ ಇಬ್ಬರೇ ಹೊರಡುವವರಿದ್ದರೆ ನನ್ನ ಮಾತು ಕೇಳಿ. ಭಾನುವಾರ ಬೇಡ, ಶನಿವಾರವೂ ಬೇಡ. ಒಂದು ಕ್ಯಾಶುಯಲ್ ಲೀವ್ ಹಾಕಿ ಬುಧವಾರ ಹೋಗಿ. ಕಾರೇ ಬೇಕೆಂದಿಲ್ಲ, ಯಲಹಂಕ ಚಿಕ್ಕಬಳ್ಳಾಪುರ ರೈಲು ಮಾರ್ಗದಲ್ಲಿ ನಂದಿ ಹಾಲ್ಟ್ ಎಂಬ ಹಳೆಯ ಪುಟ್ಟ ನಿಲ್ದಾಣವಿದೆ. ಬುಡದ ದೇವಸ್ಥಾನವನ್ನು ಮೊದಲು ನೋಡಿ, ಕಾಲು ಗಟ್ಟಿಯಿದ್ದರೆ ಆಮೇಲೆ ಬೆಟ್ಟ. ಕೋಡುಬಳೆಯನ್ನು ಗಟ್ಟಿ ಮುಚ್ಚಳದ ಡಬ್ಬಿಯಲ್ಲಿ ಹಾಕಿಕೊಂಡರೂ ಪ್ರಯೋಜನವಿಲ್ಲ, ಚೀಲದ ಒಳಗಿಡಿ. ಸೂರ್ಯೋದಯದ ಆಸೆಯೊಂದನ್ನು ಬಿಟ್ಟುಬಿಡಿ. ಸೂರ್ಯ ನಿಮ್ಮ ಮನೆಯ ತಾರಸಿಯ ಮೇಲೂ ಹುಟ್ಟುತ್ತಾನೆ, ಅಲ್ಲಿ ಪಾರ್ಕಿಂಗ್ ಶುಲ್ಕವೂ ಇಲ್ಲ.